ಕೆಂಪು ಗಾರೆ ನೆಲದ ಹನ್ನೊಂದು ಹೆಜ್ಜೆ

ಕೃಷ್ಣರಾಜನಗರ ಎನ್ನುವ ಹೆಸರು ಆಗಿನ್ನೂ ಜನರ ಬಾಯಿಗೆ ಹತ್ತಿರಲಿಲ್ಲ. ಹೊಳೆದಂಡೆಯ ಹಳೆಯ ಎಡತೊರೆಯನ್ನು ಬಿಟ್ಟು ಮೇಲಿನ ಬಯಲಿನಲ್ಲಿ ಹೊಸ ಊರು ಏಳುತ್ತಿತ್ತು. ನೂಲು ಹಿಡಿದು ಎಳೆದಂಥ ಬೀದಿಗಳು. ಎರಡು ಮನೆ ಎದ್ದಿದ್ದರೆ ಅವುಗಳ ನಡುವೆ ಹತ್ತು ನಿವೇಶನ ಖಾಲಿ. ಸಂಜೆ ಕೂಲಿಯವರು ಹೋದಮೇಲೆ, ಬಾಗಿಲು ಕಿಟಕಿ ಕೂರಿಸದ ಗೋಡೆಗಳ ಕಂಡಿಗಳಲ್ಲಿ ಗಾಳಿ ನುಗ್ಗುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಅಂಥ ಬೀದಿಯೊಂದರ ಕಟ್ಟಕಡೆಯ ಮನೆಗೆ ನೆಲ ಹಾಕುವ ಕೆಲಸ ನನಗೆ ಸಿಕ್ಕಿತು.

ನಾನು ಹುಣಸೂರಿನ ಗಾರೆ ಮೇಸ್ತ್ರಿ. ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಕೆಲಸದಲ್ಲಿ ಪಾಲುಗಾರ. ಮನೆಯಲ್ಲಿ ನಾವು ಉರ್ದು ಆಡಿದರೂ ಕೆಲಸದ ಜಾಗದಲ್ಲಿ ಕನ್ನಡವೇ. ಮನೆ ಕಟ್ಟಿಸುತ್ತಿದ್ದವರು ಲಿಂಗಾಯತರ ಒಬ್ಬ ಅಕ್ಕಿ ಸಾವುಕಾರರು. ಮಾತು ಕಡಿಮೆ, ಕಣ್ಣು ಚುರುಕು. ಕರಾರು ಹೀಗಿತ್ತು: ಹಣದ ಮೂರು ಪಾಲು ಕೆಲಸ ನಡೆಯುವಾಗ, ಕಡೆಯ ಪಾಲು ನೆಲ ಒಂದು ಮಳೆಗಾಲವನ್ನು ಕಂಡಮೇಲೆ. ಆ ಕಾಲಕ್ಕೆ ಅದು ವಾಡಿಕೆಯೇ. ಗಾರೆ ನೆಲದ ಯೋಗ್ಯತೆ ಮಳೆಗಾಲದಲ್ಲೇ ಗೊತ್ತಾಗುವುದು.

ಕೆಲಸ ಹಿಡಿದದ್ದು ಕಾರ್ತಿಕದಲ್ಲಿ. ನಡುಮನೆಯ ಮಣ್ಣನ್ನು ನೆನೆಸಿ ದಿಮ್ಮಸು ಹಾಕಿ, ಅದರ ಮೇಲೆ ಇಟ್ಟಿಗೆ ಚೂರಿಗೆ ಸುಣ್ಣ ಬೆರೆಸಿ ಹಾಸಿದೆವು. ಆರು ಜನ ಹೆಂಗಸರು ಸಾಲಾಗಿ ಕುಳಿತು ಮರದ ಬಡಿಮಣೆಗಳಿಂದ ಆರು ದಿನ ಬಡಿದರು. ಬಡಿಯುತ್ತಾ ಬಡಿಯುತ್ತಾ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸಬೇಕು. ಕೆಲವು ಕಡೆ ಕೋಳಿಮೊಟ್ಟೆಯ ಬಿಳಿಯನ್ನೂ ಸೇರಿಸುತ್ತಿದ್ದೆವು. ಇಲ್ಲಿ ಆ ಮಾತೇ ಇಲ್ಲ. ಬಡಿದ ಹಾಸಿನ ಮೇಲೆ ಅರೆದ ಸುಣ್ಣ, ಇಟ್ಟಿಗೆ ಪುಡಿ ಕಲಸಿದ ಒಂದು ಬೆರಳು ದಪ್ಪದ ನುಣುಪು ಹಾಸು. ಅದು ಬಿಗಿದ ಮೇಲೆ ರೊಟ್ಟಿಯಷ್ಟು ತೆಳ್ಳಗೆ ಕೆಂಪು ಲೇಪ. ಕೆಂಪನ್ನು ಹೊಳೆಯ ಬೆಣಚುಕಲ್ಲಿನಿಂದ ಉಜ್ಜಿ ಉಜ್ಜಿ, ಕೊನೆಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ನೆಲದಲ್ಲಿ ಮುಖ ಕಾಣಬೇಕು.

ಗಾರೆ ಕೆಲಸದಲ್ಲಿ ಸುಣ್ಣಕ್ಕಿಂತ ನೀರು ಮುಖ್ಯ. ಮೊದಲ ದಿನವೇ ಹಿತ್ತಿಲಿನ ಹೊಸ ಬಾವಿಯ ನೀರನ್ನು ಬಾಯಿಗೆ ಹಾಕಿ ಉಗಿದಿದ್ದೆ. ಸವುಳು ನೀರು, ಉಪ್ಪುಪ್ಪು. ಉಪ್ಪು ಸೇರಿದ ಗಾರೆ ಸಾಯುವತನಕ ಬೆವರುತ್ತದೆ. ಅದಕ್ಕೇ ದಿನವೂ ನಾಲೆಯಿಂದ ಗಾಡಿಯಲ್ಲಿ ಪೀಪಾಯಿ ನೀರು ತರಿಸುತ್ತಿದ್ದೆ.

ಮನೆಯ ಹಿಂಭಾಗ ಆಗಲೇ ಮುಗಿದಿದ್ದರಿಂದ ಮನೆಯವರು ಅಲ್ಲಿಗೆ ಬಂದು ಇದ್ದರು. ಸಾವುಕಾರರು ಬೀದಿ ಕಡೆಯ ಕೋಣೆಯಲ್ಲಿ ಮಲಗುತ್ತಿದ್ದರು. ಅವರ ತಾಯಿ ಹಿತ್ತಿಲ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಕಿಕೊಳ್ಳುತ್ತಿದ್ದರು. ಒಳಕೋಣೆಯಲ್ಲಿ ಸಾವುಕಾರರ ತಂಗಿ. ಇಪ್ಪತ್ತನಾಲ್ಕೋ ಐದೋ ಇರಬೇಕು, ಗಂಡ ತೀರಿಕೊಂಡು ತವರಿಗೆ ಬಂದವರು. ನಾನು ಅವರ ಮುಖವನ್ನು ಸರಿಯಾಗಿ ನೋಡಿದವನಲ್ಲ. ಬಡಿಯುವ ಹೆಂಗಸರಿಗೆ ಮಧ್ಯಾಹ್ನ ಮಜ್ಜಿಗೆಯ ಚೊಂಬು ತಂದಿಡುತ್ತಿದ್ದರು, ಅಷ್ಟೆ. ನುಣುಪು ಹಾಸು ಎಳೆದ ಸಂಜೆ ಮಾತ್ರ ಬಾಗಿಲ ಮರೆಯಿಂದ ಕೇಳಿದರು:

"ಇದು ಯಾವಾಗ ಗಟ್ಟಿಯಾಗ್ತದೆ, ಮೇಸ್ತ್ರಿ?"

"ಎರಡು ದಿನ ಯಾರೂ ಕಾಲಿಡಬಾರ್ದು ತಾಯಿ. ಆಮೇಲೆ ಆನೆ ನಡೆದ್ರೂ ಏನೂ ಆಗಲ್ಲ," ಅಂದೆ. ಓಡಾಡಲು ಗೋಡೆಯುದ್ದಕ್ಕೂ ಹಾಕಿದ್ದ ಹಲಗೆಯನ್ನು ಎತ್ತಿ ಹೊರಗಿಟ್ಟು ನಾವು ಬಿಡಾರಕ್ಕೆ ಹೋದೆವು.

ಮಾರನೆಯ ಬೆಳಿಗ್ಗೆ ನಾನೂ ಭಾವನೂ ಎಲ್ಲರಿಗಿಂತ ಮುಂಚೆ ಬಂದೆವು. ಬೀದಿ ಬಾಗಿಲು ಬರೀ ಮುಂದೆ ಮಾಡಿತ್ತು, ಅಗುಳಿ ಹಾಕಿರಲಿಲ್ಲ. ತಳ್ಳಿ ನೋಡಿದರೆ ಹಸಿ ಗಾರೆಯ ಮೇಲೆ ಹೆಜ್ಜೆಗಳು. ಒಳಕೋಣೆಯ ಬಾಗಿಲಿನಿಂದ ಹೊರಟು ನೇರವಾಗಿ ನಾವು ನಿಂತಿದ್ದ ಹೊಸ್ತಿಲಿಗೆ. ಎಣಿಸಿದೆ, ಹನ್ನೊಂದು. ಬಂದದ್ದು ಮಾತ್ರ, ತಿರುಗಿ ಹೋದದ್ದಿಲ್ಲ. ಸಣ್ಣ ಪಾದ, ಹೆಂಗಸಿನದು. ಜಲ್ಲಿ ಬುಟ್ಟಿ ಹೊತ್ತು ನಡೆಯುವ ಹೆಂಗಸರ ಹೆಜ್ಜೆಯನ್ನು ದಿನಾ ನೋಡುವವನು ನಾನು. ಆ ಅಳತೆಯ ಪಾದ ಊರಬೇಕಾದ್ದಕ್ಕಿಂತ ಇವು ಆಳವಾಗಿ ಊರಿದ್ದವು. ತಲೆಯ ಮೇಲೆ ಹೊರೆ ಇತ್ತು.

ಸರಿಯಾಗಿ ಮಾಡುವುದಾದರೆ ಅಷ್ಟುದ್ದದ ಪಟ್ಟಿಯನ್ನು ಕತ್ತರಿಸಿ ತೆಗೆದು ಹೊಸದಾಗಿ ಎಳೆಯಬೇಕು. ಎರಡು ದಿನದ ಕೆಲಸ, ಸುಣ್ಣವೂ ಮುಗಿಯುತ್ತ ಬಂದಿತ್ತು. ನಾಲೆಯ ನೀರಿನ ಗಾಡಿ ಇನ್ನೂ ಬಂದಿರಲಿಲ್ಲ.

"ಮುಚ್ಚು," ಅಂದ ಭಾವ. "ಮೇಲೆ ಕೆಂಪು ಬಂದ್ರೆ ಯಾರಿಗೆ ಗೊತ್ತಾಗ್ತದೆ? ಸಾವ್ಕಾರ್ರು ನೋಡಿದ್ರೆ ಪೂರ್ತಿ ತೆಗೆಸ್ತಾರೆ."

ಬಾವಿಯಿಂದ ಅರ್ಧ ಕೊಡ ಸೇದಿ ತಂದೆ. ಅದರಲ್ಲೇ ಗಾರೆ ಕಲಸಿ ಒಂದೊಂದು ಹೆಜ್ಜೆಗೂ ತುಂಬಿ ಕರಣೆಯಿಂದ ಎಳೆದೆ. ಹೊಸ್ತಿಲಿಗೆ ಬಿಸಿಲು ಬರುವುದರೊಳಗೆ ನೆಲ ಏನೂ ಆಗದ ಹಾಗಿತ್ತು.

ಆಮೇಲೆ ಸ್ವಲ್ಪ ಹೊತ್ತಿಗೇ ಗುಲ್ಲೆದ್ದಿತು. ಸಾವುಕಾರರ ತಂಗಿ ಮನೆಯಲ್ಲಿಲ್ಲ, ಅವರ ಹಿತ್ತಾಳೆ ಬಿಂದಿಗೆ ನಾಲೆಯ ಏರಿಯ ಮೇಲೆ ಸಿಕ್ಕಿದೆ. ನಸುಕಿನಲ್ಲಿ ಹಿತ್ತಿಲ ಕಡೆಯಿಂದ ನೀರಿಗೆ ಹೋಗಿ ಕಾಲು ಜಾರಿರಬೇಕು ಎಂದರು. ಆಗ ನಾಲೆ ಕಟ್ಟೆಯಂಚಿನವರೆಗೂ ತುಂಬಿ ಹರಿಯುತ್ತಿತ್ತು. ಎರಡು ದಿನ ಬಲೆ ಹಾಕಿದರು, ಕೆಳಗಿನ ತೂಬುಗಳನ್ನು ಇಳಿಸಿ ಹುಡುಕಿದರು. ಏನೂ ಸಿಗಲಿಲ್ಲ.

ಏರಿಯ ಮೇಲೆ ಜನರ ನಡುವೆ ನಾನೂ ನಿಂತಿದ್ದೆ. ಹೇಳಬೇಕಾದ ಮಾತು ನಾಲಗೆಯ ಮೇಲೇ ಇತ್ತು. ಭಾವ ನನ್ನ ಮೊಣಕೈ ಹಿಡಿದುಕೊಂಡ. "ಸಾಬರ ಬಾಯಿಂದ ಅವ್ರ ಮನೆ ಹೆಣ್ಣಿನ ವಿಷಯ ಬಂದ್ರೆ ಏನಾಗ್ತದೆ ಅಂತ ಗೊತ್ತಾ ನಿಂಗೆ? ಸುಮ್ಕಿರು," ಅಂದ. ಸುಮ್ಮನಿದ್ದೆ. ಅವನ ಮಾತು ಸುಳ್ಳಲ್ಲ. ಆದರೆ ನನ್ನ ಬಾಯಿ ಕಟ್ಟಿದ್ದು ಆ ಭಯ ಒಂದೇ ಅಲ್ಲ. ಹೆಜ್ಜೆಯ ಸುದ್ದಿ ಎತ್ತಿದರೆ ನಾನು ಮುಚ್ಚಿದ ಸುದ್ದಿಯೂ ಏಳುತ್ತಿತ್ತು. ಮನೆಯ ಗದ್ದಲ ಅಡಗಿದ ಮೇಲೆ ಕೆಂಪು ಹಾಕಿ, ಉಜ್ಜಿ, ಎಣ್ಣೆ ಹಚ್ಚಿ ಹುಣಸೂರಿಗೆ ಬಂದುಬಿಟ್ಟೆವು.

ಚಳಿಗಾಲ, ಬೇಸಿಗೆ ಕಳೆದವು. ಆಷಾಢದಲ್ಲಿ ಸಾವುಕಾರರ ಆಳು ಹುಡುಕಿಕೊಂಡು ಬಂದ. ಮಳೆಗಾಲ ಮುಗಿಯುವ ಮುಂಚೆಯೇ ಬಾಕಿ ಕೊಡುತ್ತಾರೇನೋ ಅಂದುಕೊಂಡೆ. ಆಳು ನನ್ನ ಮುಖ ನೋಡದೆ ಹೇಳಿದ: "ನೆಲ ನೋಡೋಕೆ ಬರ್ಬೇಕಂತೆ. ಬೆಳಗಿನ ಹೊತ್ನಲ್ಲೇ ನೋಡ್ಬೇಕಂತೆ."

ಭಾವನೂ ನಾನೂ ಹೋಗಿ ಮಾರನೆಯ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತೆವು. ಹೊರಗೆ ಜಿಟಿಜಿಟಿ ಮಳೆ. ನಡುಮನೆಯ ನೆಲ ಮಾಗಿದ ಮೆಣಸಿನಕಾಯಿಯ ಬಣ್ಣಕ್ಕೆ ಹೊಳೆಯುತ್ತಿತ್ತು. ಎಲ್ಲೂ ಒಂದು ಬಿರುಕಿಲ್ಲ. ಆ ಹೊಳಪಿನ ನಡುವೆ ಹನ್ನೊಂದು ಕಪ್ಪು ಹೆಜ್ಜೆಗಳು, ಈಗ ತಾನೇ ಯಾರೋ ಒದ್ದೆ ಕಾಲಲ್ಲಿ ನಡೆದು ನನ್ನ ಪಕ್ಕದಿಂದಲೇ ಹೊರಗೆ ಹೋದ ಹಾಗೆ. ಬಾಗಿ ಮುಟ್ಟಿದೆ. ಬೆರಳು ಒದ್ದೆಯಾಯಿತು.

"ಒರೆಸಿದ್ರೆ ಹೋಗ್ತವೆ. ಬಿಸಿಲೇರಿದ್ರೆ ತಾವೇ ಹೋಗ್ತವೆ. ಮಾರ್ನೆ ದಿನ ಮತ್ತೆ ಅಲ್ಲೇ ಬತ್ತವೆ," ಅಂದರು ಸಾವುಕಾರರು. ಒಂದು ವರ್ಷದೊಳಗೆ ಅವರ ಕೂದಲು ಬೆಳ್ಳಗಾಗಿತ್ತು. "ಕಸ ಮುಸುರೆಯೋಳು ಬಿಟ್ಟೋದ್ಲು. ನಮ್ಮ ಕಡೆಯೋರೂ ನಡುಮನೇಲಿ ಕೂರಕ್ಕೆ ಹೆದರ್ತಾರೆ. ನಾಲೆಗೆ ಬಿದ್ದೋಳು ಮನೆಗೆ ಬತ್ತವ್ಳೆ ಅಂತ ಊರೆಲ್ಲ ಮಾತು."

"ನೀವು ಏನಂತೀರಿ, ಯಜಮಾನ್ರೇ?"

"ನಾನು ಕೆಲಸದ ಕುಂದು ಅಂತೀನಿ. ಒಡೆದು ಹೊಸದಾಗಿ ಹಾಕು. ಬಾಕಿ ಕೊಡಲ್ಲ. ಸುಣ್ಣ, ಕೂಲಿ ಎಲ್ಲ ನಿಂದೇ."

ನಾನು ಆಗಲೇ ಒಪ್ಪಿಕೊಳ್ಳಬಹುದಾಗಿತ್ತು. ಒಪ್ಪಲಿಲ್ಲ. ನೆಲ ಗಟ್ಟಿಯಾಗಿದೆ, ತಟ್ಟಿ ನೋಡಿ ಅಂದೆ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಇಬ್ಬರೂ ಎಡತೊರೆಯ ಹಳೆಯ ಪಟೇಲರ ಜಗುಲಿಗೆ ಹೋದೆವು. ಪಟೇಲರು ಎರಡೂ ಕಡೆ ಕೇಳಿ, ಎಲೆ ಅಡಿಕೆ ಹಾಕಿಕೊಂಡು, ನಿಧಾನವಾಗಿ ಹೇಳಿದರು:

"ಸಾಬ್ರೆ, ಮೂರು ಬೆಳಗ್ಗೆ ನೀವು ಆ ಮನೇಲಿದ್ದು ನೋಡಿ. ಗಾರೆ ಕುಂದು ಅಂತ ಕಂಡ್ರೆ ನಿಮ್ಮ ಖರ್ಚಲ್ಲಿ ಒಡೆದು ಹಾಕ್ಬೇಕು. ಗಾರೆ ಸರಿಯಾಗೈತೆ, ಇದು ಬೇರೆ ಏನೋ ಅಂತಾದ್ರೆ, ಸಾವ್ಕಾರ್ರು ಬಾಕಿ ಕೊಟ್ಟು ತಮಗೆ ಬೇಕಾದ ಶಾಂತಿ ಮಾಡಿಸ್ಕೊಳ್ಳಿ. ನಾಕ್ನೇ ದಿನ ನಾನೇ ಅಲ್ಲಿಗೆ ಬತ್ತೀನಿ."

ದಾರಿಯಲ್ಲಿ ಭಾವ ನಕ್ಕ. "ಇನ್ನೇನು ಬೇಕು? ದೆವ್ವ ಅಂದ್ಬುಡು. ಊರೇ ಸಾಕ್ಷಿ ಹೇಳ್ತದೆ. ಆ ಬಾಕಿ ಇಲ್ದಿದ್ರೆ ಸುಣ್ಣದೋನಿಗೆ ಏನು ಕೊಡ್ತೀಯ? ನಿನ್ನ ಮನೆಗೆ ಏನು ಒಯ್ತೀಯ?" ಅಷ್ಟು ಹೇಳಿ ಅವನು ಹುಣಸೂರಿಗೆ ಹೊರಟುಹೋದ.

ರಾತ್ರಿ ಹೊರ ಜಗುಲಿಯ ಮೇಲೆ ಮಲಗಿ, ಬೆಳಕು ಹರಿಯುವ ಹೊತ್ತಿಗೆ ಒಳಗೆ ಹೋಗುವುದು ಎಂದು ಗೊತ್ತುಮಾಡಿಕೊಂಡೆ. ಮೊದಲ ಬೆಳಿಗ್ಗೆ ನೆಲ ಒಣಗಿತ್ತು. ಗೋಡೆಗೆ ಒರಗಿ ಕೂತೆ. ಅವು ಒಟ್ಟಿಗೆ ಬರಲಿಲ್ಲ. ಮೊದಲು ಒಳಕೋಣೆಯ ಬಾಗಿಲ ಹತ್ತಿರದ್ದು ಬೆವರಿದ ಹಾಗೆ ಮಂಕಾಯಿತು, ಹಿಮ್ಮಡಿ, ಆಮೇಲೆ ಅಂಗಾಲು, ಆಮೇಲೆ ಬೆರಳುಗಳು. ಅದು ಕಪ್ಪಾದ ಮೇಲೆ ಎರಡನೆಯದು. ಆಮೇಲೆ ಮೂರನೆಯದು. ಯಾರೋ ಬಹಳ ನಿಧಾನವಾಗಿ, ಸದ್ದಾಗಬಾರದೆಂದು ಉಸಿರು ಹಿಡಿದು, ನನ್ನ ಕಡೆಗೆ ನಡೆದು ಬರುತ್ತಿದ್ದ ಹಾಗಿತ್ತು. ಒಳಗಿನ ಕಡೆ ನೆಲ ತಣ್ಣಗಿರುತ್ತದೆ, ಅಲ್ಲಿ ಮೊದಲು ಪಸೆ ಏಳುತ್ತದೆ ಎಂದು ನನ್ನ ಕಸುಬಿನ ಬುದ್ಧಿ ಹೇಳಿತು. ಬುದ್ಧಿ ಹೇಳಿದರೂ ಹನ್ನೊಂದನೆಯದು ಮೂಡುವ ಹೊತ್ತಿಗೆ ನಾನು ಕಾಲು ಮಡಚಿ ಗೋಡೆಗೆ ಅಂಟಿಕೊಂಡಿದ್ದೆ.

ಬೆಳಕಾದ ಮೇಲೆ ಕೆಲಸಕ್ಕಿಳಿದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ, ಪೊಳ್ಳಿಲ್ಲ. ಒಲೆಯ ಬೂದಿ ತಂದು ಉದುರಿಸಿದೆ. ಬೇರೆಲ್ಲ ಕಡೆ ಬೂದಿ ಹಾಗೇ ಇತ್ತು, ಹೆಜ್ಜೆಗಳ ಮೇಲಿನದು ಮಾತ್ರ ಕೆಸರಾಯಿತು. ಕೊನೆಗೆ ಒಂದು ಹೆಜ್ಜೆಯ ಪಸೆಯನ್ನು ಬೆರಳಿಗೆ ಒತ್ತಿ ನಾಲಗೆಗೆ ಇಟ್ಟೆ. ಉಪ್ಪು. ಹಿತ್ತಿಲ ಬಾವಿಯ ನೀರು. ಅರ್ಧ ಕೊಡದ ಆ ನೀರು ಎರಡು ಹಾಸಿನ ನಡುವೆ ಕೂತು, ಬೇಸಿಗೆಯೆಲ್ಲ ಸುಮ್ಮನಿದ್ದು, ಮಳೆಗಾಲದ ಗಾಳಿಯಿಂದ ನೀರೆಳೆದುಕೊಳ್ಳುತ್ತಿತ್ತು. ಇದರಲ್ಲಿ ಗುಟ್ಟೇನೂ ಉಳಿಯಲಿಲ್ಲ. ಹಾಗಿದ್ದರೂ ನಾನು ಯಾರಿಗೂ ಹೇಳಲಿಲ್ಲ. ಮೂರು ದಿನ ಇನ್ನೂ ಮುಗಿದಿಲ್ಲವಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಎರಡನೆಯ ಬೆಳಿಗ್ಗೆ ಎದ್ದದ್ದು ತಡವಾಯಿತು. ಒಳಗೆ ಹೋಗುವಾಗ ಹೆಜ್ಜೆಗಳು ಆಗಲೇ ಮೂಡಿದ್ದವು. ಸುಮ್ಮನೆ ಎಣಿಸುತ್ತಾ ಹೋದೆ. ಹನ್ನೆರಡು.

ಮತ್ತೆ ಎಣಿಸಿದೆ. ಹನ್ನೆರಡೇ. ಹನ್ನೆರಡನೆಯದು ಹೊಸ್ತಿಲ ಮೇಲಿತ್ತು. ಆ ಹೊಸ್ತಿಲು ಕರಿಕಲ್ಲಿನದು. ಅದನ್ನು ಕೂರಿಸಿದವನು ಕಲ್ಲುಕುಟಿಗ. ಅದಕ್ಕೆ ನನ್ನ ಗಾರೆಯಾಗಲಿ ಬಾವಿಯ ನೀರಾಗಲಿ ತಾಗಿರಲಿಲ್ಲ. ಅದರ ಮೇಲೆ ಸ್ಪಷ್ಟವಾಗಿ ಒಂದು ಒದ್ದೆ ಪಾದ, ಬೆರಳುಗಳು ಬೀದಿಯ ಕಡೆಗೆ. ನಾಲಗೆಗಿಟ್ಟು ನೋಡಿದೆ. ಉಪ್ಪಿಲ್ಲ, ಬರೀ ನೀರು. ಹೊರಗೆ ಬೀದಿ ಖಾಲಿ. ಎದುರಿನ ಅರೆಗಟ್ಟಿದ ಗೋಡೆಯ ಮೇಲೆ ಒಂದು ಕಾಗೆ ನೆನೆಯುತ್ತಾ ಕೂತಿತ್ತು. ದೇವರ ಹೆಸರು ಹೇಳಿಕೊಂಡು ಜಗುಲಿಗೆ ಬಂದು ಕೂತವನು ಮಧ್ಯಾಹ್ನದವರೆಗೂ ಒಳಗೆ ಹೋಗಲಿಲ್ಲ. ಭಾವ ಹೇಳಿದ್ದನ್ನೇ ಪಟೇಲರಿಗೆ ಹೇಳಿದರೂ ಅದು ಸುಳ್ಳಾಗಲಾರದೇನೋ ಎಂದು ಮೊದಲ ಬಾರಿಗೆ ಅನ್ನಿಸಿತು.

ಮೂರನೆಯ ದಿನ ನಸುಕಿಗೆ ಮುಂಚೆಯೇ ಹೋಗಿ ನಡುಮನೆಯ ಕಂಬದ ಹಿಂದೆ ಕೂತೆ. ಕಣ್ಣಿಗೆ ಕಂಬವೂ ಕಾಣುತ್ತಿರಲಿಲ್ಲ. ಮಳೆ ನಿಂತಿತ್ತು. ಸೂರಿನಿಂದ ಹನಿ ಬೀಳುವುದು ಕೇಳುತ್ತಿತ್ತು. ಕಿಟಕಿಯಲ್ಲಿ ಬೂದುಬಣ್ಣ ಮೂಡುವ ಹೊತ್ತಿಗೆ ಒಳಬಾಗಿಲಲ್ಲಿ ಏನೋ ಬೆಳ್ಳಗೆ ನಿಂತಿತು. ಬಳೆಯ ಸದ್ದಿಲ್ಲ, ಉಸಿರಿನ ಸದ್ದೂ ಇಲ್ಲ. ಅದು ಮೊದಲ ಹೆಜ್ಜೆಯ ಮೇಲೆ ಕಾಲಿಟ್ಟಿತು. ನಿಂತಿತು. ಎರಡನೆಯದರ ಮೇಲೆ ಇಟ್ಟಿತು. ಒಂದೊಂದನ್ನೂ ಕಾಲಿನಿಂದ ಹುಡುಕಿ ಸರಿಯಾಗಿ ಅದರೊಳಗೇ ಪಾದ ಊರುತ್ತಾ ನನ್ನ ಮುಂದಿನಿಂದ ಹಾದುಹೋಯಿತು. ಹನ್ನೊಂದಾದ ಮೇಲೆ ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಬಾಗಿಲು ಸ್ವಲ್ಪ ತೆರೆದು, ಬೀದಿ ನೋಡುತ್ತಾ ನಿಂತುಬಿಟ್ಟಿತು.

ಆ ಬೆಳಕಿನಲ್ಲಿ ಗುರುತು ಹತ್ತಿತು. ಸಾವುಕಾರರ ತಾಯಿ. ಹಿತ್ತಿಲ ಸೂರಿನ ಮಳೆನೀರಿನಲ್ಲಿ ಕಾಲು ತೊಳೆದು ಬಂದಿದ್ದರು. ನಿನ್ನೆಯ ಹನ್ನೆರಡನೆಯ ಹೆಜ್ಜೆ ಅವರದೇ. ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕಂಬದಿಂದೆ ಯಾಕೆ ಕೂತಿದ್ದೀಯ? ಈಚೆ ಬಾ ಮೇಸ್ತ್ರಪ್ಪ," ಅಂದರು, ತಿರುಗಿ ನೋಡದೆ.

ಎದ್ದು ದೂರದಲ್ಲಿ ನಿಂತೆ.

"ಸತ್ತೋರು ಮನೆ ಬಿಡಲಾರ್ದೆ ಒಳಕ್ಕೆ ಬತ್ತಾರೆ ಅಂತಾರೆ," ಅಂದರು ಅವ್ವ. "ಇವು ಒಳಕ್ಕೆ ಬರಲ್ಲ ಕಣಪ್ಪ. ದಿನಾ ನೋಡ್ತೀನಿ. ಒಂದೂ ಒಳಕ್ಕೆ ಬರಲ್ಲ. ಎಲ್ಲಾ ಆಚೆಗೇ ಓಯ್ತವೆ."

ನಾನು ಬಾಗಿ ಹೊಸ್ತಿಲ ಹತ್ತಿರದ ಹೆಜ್ಜೆ ನೋಡಿದೆ.

"ನಾನು ಮಲಗ್ತಿದ್ದುದು ಇತ್ತಿಲ ಬಾಗ್ಲಿಗೆ ಅಡ್ಡ. ಅವಳು ಬಿಂದಿಗೆ ತಕ್ಕೊಂಡು ಆ ಕಡೆಯಿಂದ ಓಗಿದ್ರೆ ನನ್ನ ದಾಟ್ಕೊಂಡು ಓಗ್ಬೇಕಿತ್ತು. ನಿಂಗೆ ಗಾಢ ನಿದ್ದೆ ಅವ್ವ ಅಂತಾನೆ ಮಗ. ಬೆಕ್ಕು ದಾಟಿದ್ರೂ ಏಳೋಳು ನಾನು." ಹೊಸ್ತಿಲಿಂದ ಕಾಲು ತೆಗೆದು, "ಅವತ್ತಿಂದ ನಾಲೆ ನೀರು ಬಾಯಿಗಿಟ್ಟಿಲ್ಲ. ಅವಳು ಅದ್ರಲ್ಲವ್ಳೆ ಅಂದ್ಮೇಲೆ ಎಂಗೆ ಕುಡೀಲಿ? ಈ ಬಾವಿ ಸವುಳು ನೀರೇ ಕುಡೀತೀನಿ," ಅಂದರು. ಆಮೇಲೆ ಮೊದಲ ಬಾರಿಗೆ ನನ್ನ ಕಡೆ ತಿರುಗಿದರು. "ನೆಲ ಹಾಕ್ದೋನು ನೀನು. ಇವು ಯಾವತ್ತಿನ ಹೆಜ್ಜೆ? ನಿಂಗೆ ಗೊತ್ತಿರ್ಬೇಕಲ್ಲ."

"ನಾಳೆ ಪಟೇಲರ ಮುಂದೆ ಹೇಳ್ತೀನಿ ಅವ್ವಾ," ಅಂದೆ. ಆಗಲೇ ಹೇಳುವ ಧೈರ್ಯ ಬರಲಿಲ್ಲ. ಮನೆಯಲ್ಲಿ ಮೂರು ಮಕ್ಕಳು, ಸುಣ್ಣದವನ ಸಾಲ, ಭಾವನ ಪಾಲು, ಎಲ್ಲ ಒಂದು ಕಡೆ. ಇನ್ನೊಂದು ಕಡೆ ಈ ಹೆಂಗಸು ದಿನಾ ಕುಡಿಯುತ್ತಿದ್ದ ಉಪ್ಪು ನೀರು. ಅವತ್ತೆಲ್ಲ ಹೊಳೆಯ ದಂಡೆಯಲ್ಲಿ ತಿರುಗಾಡಿದೆ. ಸಂಜೆಯ ಹೊತ್ತಿಗೆ ಮನಸ್ಸು ಒಂದು ಕಡೆ ನಿಂತಿತು.

ನಾಲ್ಕನೆಯ ಬೆಳಿಗ್ಗೆ ಪಟೇಲರು ಬಂದು ನಡುಮನೆಯ ಮಣೆಯ ಮೇಲೆ ಕೂತರು. ಸಾವುಕಾರರು ಕಂಬಕ್ಕೆ ಒರಗಿ ನಿಂತಿದ್ದರು. ಅವ್ವ ಒಳಬಾಗಿಲ ಮರೆಯಲ್ಲಿ. ನಾನು ಹೆಜ್ಜೆಗಳ ಪಕ್ಕದಲ್ಲಿ ನಿಂತು ಹೇಳಿದೆ:

"ಇದು ದೆವ್ವ ಅಲ್ಲ. ನನ್ನ ಕೆಲಸದ ಕುಂದು. ಹಸಿ ಗಾರೆ ಮೇಲೆ ಯಾರೋ ನಡೆದಿದ್ರು. ತೆಗೆದು ಹಾಕಬೇಕಿತ್ತು, ತೆಗೀಲಿಲ್ಲ. ಸವುಳು ನೀರಲ್ಲಿ ಗಾರೆ ಕಲಸಿ ಹೆಜ್ಜೆ ಮುಚ್ಚಿಬಿಟ್ಟೆ. ಆ ಉಪ್ಪು ಈಗ ನೀರೆಳೀತಾ ಇದೆ. ನೀವೇ ನಾಲಗೆಗೆ ಇಟ್ಟು ನೋಡಿ."

ಪಟೇಲರು ಬಾಗಿ ಬೆರಳೊತ್ತಿ ನಾಲಗೆಗೆ ಇಟ್ಟುಕೊಂಡರು. ತಲೆದೂಗಿದರು. "ಅಂಗಾದ್ರೆ ತಪ್ಪು ನಿಮ್ದೇ ಆಯ್ತಲ್ಲ, ಸಾಬ್ರೆ. ಬಾಕಿನೂ ಇಲ್ಲ, ಒಡೆದು ಹಾಕೋ ಖರ್ಚೂ ನಿಮ್ದೇ."

"ನಂದೇ."

ಅಲ್ಲಿಗೆ ಪಂಚಾಯಿತಿ ಮುಗಿಯಬೇಕಿತ್ತು. ಒಳಬಾಗಿಲಿನಿಂದ ಅವ್ವನ ದನಿ ಬಂತು. "ಯಾವತ್ತು ಮುಚ್ಚಿದ್ದಪ್ಪ?"

ಸಾವುಕಾರರು ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹೆದರಿಕೆಯಿತ್ತು.

"ನಾಲೆ ಏರಿ ಮೇಲೆ ಬಿಂದಿಗೆ ಸಿಕ್ಕಿದ ದಿನ, ಅವ್ವಾ. ಅದಕ್ಕೂ ಮುಂಚೆ, ಬೆಳಗ್ಗೇನೇ."

"ಯಾರೂ ತಳ್ಳಿಕೊಂಡು ಓಗಿರ್ನಿಲ್ಲ ತಾನೆ? ಒಂದೇ ಜನದ ಹೆಜ್ಜೆ ತಾನೆ?"

"ಒಂದೇ ಜನ. ಓಡಿದ್ದೂ ಅಲ್ಲ. ತಲೆ ಮೇಲೆ ಗಂಟು ಹೊತ್ತು ನಿಧಾನವಾಗಿ ನಡೆದದ್ದು."

ಒಳಗಡೆ ಅವ್ವ ನೆಲದ ಮೇಲೆ ಕುಸಿದು ಕೂತ ಸದ್ದು ಕೇಳಿತು. ಪಟೇಲರು ಎದ್ದು, ಮೇಲುಹೊದಿಕೆ ಹೆಗಲಿಗೆ ಹಾಕಿಕೊಂಡು, "ಇದು ಇನ್ನು ಮನೆಯೋರ ವಿಷಯ," ಎಂದು ಹೊರಟುಹೋದರು.

ನಾನು ಉಳಿ ಸುತ್ತಿಗೆ ತಂದು ಆ ಹೊತ್ತಿಗೇ ಒಡೆಯಲು ಕೂತೆ. ಸಾವುಕಾರರು ಹೋಗೆಂದೂ ಅನ್ನಲಿಲ್ಲ, ಇರೆಂದೂ ಅನ್ನಲಿಲ್ಲ. ಬಾಗಿಲ ಕಡೆಯ ಹೆಜ್ಜೆಯ ಸುತ್ತ ಕೆಂಪನ್ನು ಬಿಡಿಸಿದೆ. ಉಪ್ಪಿನಿಂದಾಗಿ ಹೆಜ್ಜೆಗೆ ತುಂಬಿದ್ದ ಗಾರೆ ತಳದ ಗಾರೆಗೆ ಸರಿಯಾಗಿ ಕಚ್ಚಿಕೊಂಡಿರಲಿಲ್ಲ. ಉಳಿಯ ತುದಿ ಹಾಕಿ ಮೆಲ್ಲಗೆ ಮೀಟಿದಾಗ ಇಡೀ ತುಂಡು ಒಂದಾಗಿ ಮೇಲೆ ಬಂತು. ತಿರುಗಿಸಿ ನೋಡಿದೆ. ನನ್ನ ಅಂಗೈಯಲ್ಲಿ ಒಂದು ಪಾದವಿತ್ತು. ಹಿಮ್ಮಡಿಯ ಬಿರುಕು, ಅಂಗಾಲಿನ ಗೆರೆ, ಐದು ಬೆರಳು, ಎಲ್ಲ ಗಾರೆಯಲ್ಲಿ ಎರಕ ಹೊಯ್ದ ಹಾಗೆ. ಒದ್ದೆ, ತಣ್ಣಗೆ. ಕೈ ತಾನಾಗಿ ಬಿಟ್ಟುಬಿಡುತ್ತಿತ್ತು, ಹೇಗೋ ಹಿಡಿದುಕೊಂಡೆ.

ಅವ್ವ ಯಾವಾಗ ಬಂದರೋ, ಪಕ್ಕದಲ್ಲಿ ಕೂತು ಎರಡೂ ಕೈ ಚಾಚಿದರು. ಕೊಟ್ಟೆ. ಮಡಿಲಲ್ಲಿಟ್ಟುಕೊಂಡು ಒಂದೊಂದು ಬೆರಳನ್ನೂ ಸವರಿದರು. ಎರಡನೆಯ ಬೆರಳಿಗೆ ಬಂದು ಅವರ ಕೈ ನಿಂತಿತು. ಮತ್ತೆ ಸವರಿದರು. ಆ ಬೆರಳಿನ ಬುಡದಲ್ಲಿ ಒಂದು ಸಣ್ಣ ಪಟ್ಟಿ ಅಚ್ಚಾಗಿತ್ತು.

"ಕಾಲುಂಗ್ರ," ಅಂದರು.

ಗಂಡ ಸತ್ತ ದಿನ ತೆಗೆದಿಟ್ಟ ಕಾಲುಂಗುರವನ್ನು ಆ ಹೆಣ್ಣು ಮತ್ತೆ ಕಾಲಿಗೆ ಹಾಕಿಕೊಂಡು ಹೊಸ್ತಿಲು ದಾಟಿತ್ತು. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಅವ್ವ ಮಗನ ಕಡೆ ತಲೆಯೆತ್ತಿ ನೋಡಿದರು. ಸಾವುಕಾರರು ಕಂಬ ಬಿಟ್ಟು ನೆಲದ ಮೇಲೆ ಕೂತರು.

"ಬಿಂದಿಗೆ ನಾನೇ ಇಟ್ಟೆ ಅವ್ವ," ಅಂದರು. "ಬೆಳಗ್ಗೆ ಎದ್ದು ನೋಡಿದ್ರೆ ಹೆಜ್ಜೆ ಇತ್ತು, ಬಾಗ್ಲ ಅಗುಳಿ ತೆಗೆದಿತ್ತು. ನಮ್ಮ ಅಕ್ಕಿ ಮಂಡೀಲಿ ಮೂಟೆ ತೂಗ್ತಿದ್ದೋನು, ಅವನೂ ಕಾಣ್ನಿಲ್ಲ. ನಮ್ಮೋರಲ್ಲ ಅವನು. ಓಡೋದ್ಲು ಅನ್ನೋದಕ್ಕಿಂತ ಸತ್ತೋದ್ಲು ಅನ್ನೋದು ಮೇಲು ಅಂತ..." ನನ್ನ ಕಡೆ ತಿರುಗಿದರು. "ಕೋಣೆ ಕಿಟಕಿಯಿಂದ ನೋಡ್ತಿದ್ದೆ ನಾನು. ನೀನು ಅವನ್ನೆಲ್ಲ ಮುಚ್ಚಿದೆ. ದೇವರೇ ಮುಚ್ಚಿಸಿದ ಅನ್ಕೊಂಡು ಬಿಂದಿಗೆ ಎತ್ಕೊಂಡು ಓದೆ."

ನಾನು ಮುಚ್ಚಿದ್ದು ಬರೀ ನನ್ನ ಕೆಲಸದ ಕುಂದು ಎಂದು ಅಷ್ಟು ದಿನ ತಿಳಿದಿದ್ದೆ. ನಾನು ಅವತ್ತು ಆ ಹೆಜ್ಜೆಗಳನ್ನು ಹಾಗೇ ಬಿಟ್ಟು ಮನೆಯವರನ್ನು ಕರೆದಿದ್ದರೆ ಬಿಂದಿಗೆ ಅಡುಗೆಮನೆಯಲ್ಲೇ ಇರುತ್ತಿತ್ತು.

ಅವ್ವ ಮಗನನ್ನು ಬೈಯಲಿಲ್ಲ. ಗಾರೆಯ ಆ ತುಂಡನ್ನು ಪಕ್ಕಕ್ಕಿಟ್ಟು, "ಒಂದು ಚೊಂಬು ನಾಲೆ ನೀರು ತತ್ತಾ," ಅಂದರು. ಸಾವುಕಾರರು ತಾವೇ ಎದ್ದು ಹೋಗಿ ತಂದುಕೊಟ್ಟರು. ಅವ್ವ ಎತ್ತಿದ ಚೊಂಬು ಇಳಿಸದೆ ಕುಡಿದರು.

ಹತ್ತು ದಿನ ಕೆಲಸ ನಡೆಯಿತು. ಪಟ್ಟಿಯನ್ನು ತಳದವರೆಗೂ ಕಿತ್ತು, ಬದಿಗಳನ್ನು ಒರಟು ಮಾಡಿ, ನಾಲೆಯ ನೀರಿನಲ್ಲೇ ಹೊಸ ಗಾರೆ ಕೂರಿಸಿದೆ. ಹಳೆಯ ಕೆಂಪಿಗೂ ಹೊಸ ಕೆಂಪಿಗೂ ಬಣ್ಣ ಕೂಡಲಿಲ್ಲ. ಗಮನವಿಟ್ಟು ನೋಡಿದವರಿಗೆ ಒಳಬಾಗಿಲಿನಿಂದ ಹೊಸ್ತಿಲವರೆಗೆ ಒಂದು ದಾರಿ ಕಾಣುತ್ತಿತ್ತು. ನಾನು ಪಟೇಲರ ತೀರ್ಮಾನದಂತೆ ಬಾಕಿಯ ಮಾತು ಎತ್ತಲಿಲ್ಲ. ಹೊರಡುವ ದಿನ ಸಾವುಕಾರರು ತಾವಾಗಿ ಕರೆದು, "ಮುಚ್ಚಿದ್ರಲ್ಲಿ ನಂಗೂ ಅರ್ಧ ಸೇರ್ತದೆ. ಸುಣ್ಣದ ಖರ್ಚು ನಂದು, ಕೂಲಿ ನಿಂದು," ಎಂದು ಸುಣ್ಣದವನ ಬಾಕಿಯನ್ನು ನನ್ನ ಕೈಗಿಟ್ಟರು. ಭಾವ ಆ ಮಳೆಗಾಲವೆಲ್ಲ ನನ್ನ ಜೊತೆ ಮಾತಾಡಲಿಲ್ಲ. ನನ್ನ ಹೆಂಡತಿಯ ಬೆಳ್ಳಿ ಕಡಗ ಅಡವಿಗೆ ಹೋಯಿತು. ಆಮೇಲೆ ಬಿಡಿಸಿದೆ. ಅಲ್ಲಿಂದಾಚೆ ಹಸಿ ನೆಲದ ಮೇಲೆ ಬೆಕ್ಕು ನಡೆದಿದ್ದರೂ ಮನೆಯವರನ್ನು ಕರೆದು ತೋರಿಸದೆ ಕರಣೆ ಇಟ್ಟವನಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಹುಣಸೂರಿನ ಸೇತುವೆಯ ಹತ್ತಿರ ಒಂದು ಕಟ್ಟೆಗೆ ಗಾರೆ ಮಾಡುತ್ತಿದ್ದೆ. ಒಂದು ಕಮಾನು ಗಾಡಿ ಬಂದು ನಿಂತಿತು. ಗಾಡಿ ಹೊಡೆಯುತ್ತಿದ್ದವರು ಸಾವುಕಾರರೇ. ಆಳುಗಳಿಗೆ ತಿಳಿಯಬಾರದೆಂದು ಇರಬೇಕು. ಒಳಗೆ ಅವ್ವ, ಅವರ ಪಕ್ಕದಲ್ಲಿ ಒಂದು ಮೂಟೆ ಅಕ್ಕಿ.

"ರಾವಂದೂರಿನಾಚೆ ಒಂದು ಅಳ್ಳೀಲಿ ಅವ್ಳಂತೆ ಮಗಳು," ಅಂದರು ಅವ್ವ. ಅಷ್ಟೇ. ಗಾಡಿ ಪಿರಿಯಾಪಟ್ಟಣದ ದಾರಿಯಲ್ಲಿ ಮರೆಯಾಯಿತು.

ಐದನೆಯ ದಿನ ತಿರುಗಿ ಬಂದರು. ಗಾಡಿಯಲ್ಲಿ ಹೋಗುವಾಗ ಇದ್ದವರಿಬ್ಬರೇ ಇದ್ದರು. ಅಕ್ಕಿ ಮೂಟೆ ಇರಲಿಲ್ಲ. ಸಾವುಕಾರರು ಎತ್ತುಗಳಿಗೆ ನೀರು ಕುಡಿಸಲು ಹೊಳೆಗೆ ಇಳಿದರು. ನಾನು ಗಾಡಿಯ ಹಿಂದೆ ನಿಂತೆ. ಅವ್ವ ಕಮಾನಿನ ಚಾಪೆ ಸರಿಸಿ, ಗುಟ್ಟು ಹೇಳುವವರ ಹಾಗೆ ತಲೆ ಹೊರಗೆ ಚಾಚಿದರು.

"ಸಗಣಿ ಸಾರ್ಸಿದ ನೆಲ ಕಣಪ್ಪ ಅವಳ ಮನೇದು. ದಿನಾ ಬೆಳಗ್ಗೆ ಎದ್ದು ಸಾರಿಸ್ತಾಳೆ. ನೆನ್ನೆ ನಡೆದದ್ದು ಇವತ್ತು ಇರಲ್ಲ."